ಒಂದು ಎರಡಾಗುವ ಬಗೆ

(ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣದ ಪಾಠ)



ಸಂಘದ ಹುಟ್ಟುಹಬ್ಬದ ದಿನ, ಊಟಕ್ಕೆ ಮುನ್ನ, ಇಪ್ಪತ್ತು ನಿಮಿಷ ವಿಜ್ಞಾನದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವಿಬ್ಬರೂ ಹಿಂಜರಿದೆವು. ಅಡುಗೆಮನೆಯಿಂದ ಬಿಸಿಬೇಳೆಭಾತಿನ ಪರಿಮಳ ಬರುತ್ತಿರುವಾಗ ಯಾವ ವಿಜ್ಞಾನ ತಾನೆ ಎದುರು ನಿಂತೀತು? ಆದರೂ ಒಪ್ಪಿದೆವು. ಒಪ್ಪಿದ್ದಕ್ಕೆ ಒಂದು ಕಾರಣವಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಸೀಮೆಯ ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಕಣ್ಣು ಸವೆಸಿದ ದಂಪತಿಗಳು ನಾವು. ಈ ಭಾಷಣ ಬರೆದದ್ದು ಇಬ್ಬರೂ ಸೇರಿ, ಓದುವುದು ಒಬ್ಬರು. ತಪ್ಪೇನಾದರೂ ಇದ್ದರೆ ಅದು ಇನ್ನೊಬ್ಬರದು.

ನಾವು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಇಡ್ಲಿ ಹಿಟ್ಟು ಉಕ್ಕಲಿಲ್ಲ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಹಾಗೆಯೇ ತಣ್ಣಗೆ ಕುಳಿತಿತ್ತು. ಬೀದಿಯ ಕೊನೆಯಲ್ಲಿದ್ದ ಹಿರಿಯ ಕನ್ನಡಿತಿಯೊಬ್ಬರು ಉಪಾಯ ಹೇಳಿಕೊಟ್ಟರು: ಬಾಯ್ಲರ್ ಪಕ್ಕದ ಬಟ್ಟೆ ಒಣಗಿಸುವ ಕಪಾಟಿನಲ್ಲಿ ಟವೆಲ್ ಸುತ್ತಿ ಇಡಿ. ಇಲ್ಲಿರುವ ಎಷ್ಟೋ ಮನೆಗಳಲ್ಲಿ ಆ ಕಪಾಟು ಇಂದಿಗೂ ಇಡ್ಲಿ ಹಿಟ್ಟಿನ ಹೆರಿಗೆಮನೆ. ಅಲ್ಲಿ ನಡೆಯುವುದಾದರೂ ಏನು? ಬೇಳೆಯ ಜೊತೆಯಲ್ಲೇ ಬಂದ ಕಣ್ಣಿಗೆ ಕಾಣದ ಜೀವಿಗಳು ಬೆಚ್ಚಗಿನ ಜಾಗ ಸಿಕ್ಕೊಡನೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಬೆಳೆಯುತ್ತವೆ. ಅವು ಬಿಡುವ ಗಾಳಿಯೇ ಹಿಟ್ಟನ್ನು ಉಬ್ಬಿಸುತ್ತದೆ. ಈ ಒಂದು ಎರಡಾಗುವ ಬಗೆಯೇ ಇಂದಿನ ನಮ್ಮ ವಿಷಯ. ಆ ಪಾತ್ರೆಯಲ್ಲಿ ನಡೆಯುವುದು ನಮ್ಮ ಮೈಯೊಳಗೂ ನಡೆಯುತ್ತದೆ, ಇನ್ನಷ್ಟು ಕಟ್ಟುನಿಟ್ಟಾಗಿ.

ನಮ್ಮ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ಒಂದು ಅಂದಾಜು. ಎಲ್ಲವೂ ಬಂದದ್ದು ತಾಯಿಯ ಗರ್ಭದ ಒಂದೇ ಒಂದು ಕೋಶದಿಂದ. ಬೆಳೆದು ದೊಡ್ಡವರಾದ ಮೇಲೂ ಕೆಲಸ ನಿಲ್ಲುವುದಿಲ್ಲ. ಮೂಳೆಯ ಮಜ್ಜೆ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಕಳೆದ ವಾರ ನೀವು ಹೊತ್ತು ತಿರುಗಿದ ಕರುಳಿನ ಒಳಪದರ ಇಂದು ಇಲ್ಲ!

ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಪಾಲಾಗುವುದನ್ನು ನೀವೆಲ್ಲ ನೋಡಿದ್ದೀರಿ. ಇದ್ದ ಗದ್ದೆ, ಇದ್ದ ಮನೆ, ಇದ್ದ ಹಿತ್ತಾಳೆ ಕೊಪ್ಪರಿಗೆ, ಎಲ್ಲವನ್ನೂ ಹಂಚಿಕೊಳ್ಳಬೇಕು. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗಿಲ್ಲ. ಜೀವಕೋಶ ಹಾಗೆ ಪಾಲಾಗುವುದಿಲ್ಲ. ಮೊದಲು ತನ್ನ ದಸ್ತಾವೇಜನ್ನೆಲ್ಲ ಅಕ್ಷರ ಬಿಡದೆ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ. ಎರಡು ಪೂರ್ತಿ ಪ್ರತಿಗಳು ಸಿದ್ಧವಾದ ಮೇಲೆಯೇ ಬೇರೆ ಬೇರೆ ಮನೆ. ಹೀಗಾಗಿ ಕೋರ್ಟು ಕಚೇರಿಯ ಪ್ರಶ್ನೆಯೇ ಬರುವುದಿಲ್ಲ.

ಆ ದಸ್ತಾವೇಜಿನ ಹೆಸರೇ ಡಿ.ಎನ್.ಎ. ಅದರ ಕತೆಯಲ್ಲಿ ನಾವು ದಿನನಿತ್ಯ ಓಡಾಡುವ ಈ ಊರುಗಳ ಪಾತ್ರ ದೊಡ್ಡದು. ಡಬಲ್ ಹೀಲಿಕ್ಸ್ ಎಂದೊಡನೆ ಎಲ್ಲರೂ ಕೇಂಬ್ರಿಜ್ ಎನ್ನುತ್ತಾರೆ. ಆದರೆ ಉಣ್ಣೆ ಗಿರಣಿಗಳ ಊರಾದ ಲೀಡ್ಸನ್ನು ಮರೆಯಬಾರದು. ಸ್ಟೋಕ್-ಆನ್-ಟ್ರೆಂಟಿನ ಕುಂಬಾರಿಕೆ ಕೆಲಸಗಾರನ ಮಗ ವಿಲಿಯಂ ಆಸ್ಟ್‌ಬರಿ 1928ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಬಂದರು. ಉಣ್ಣೆ ಎಳೆದರೆ ಹಿಗ್ಗುವುದೇಕೆ, ಬಿಟ್ಟರೆ ಕುಗ್ಗುವುದೇಕೆ ಎಂಬುದನ್ನು ಕ್ಷ-ಕಿರಣಗಳ ಮೂಲಕ ತಿಳಿಯುವುದು ಅವರ ಕೆಲಸ. 1937ರಲ್ಲಿ ಅವರ ಪ್ರಯೋಗಶಾಲೆ ಸೇರಿದ ತರುಣಿ ಫ್ಲಾರೆನ್ಸ್ ಬೆಲ್, ಉಣ್ಣೆಯ ಬದಲು ಡಿ.ಎನ್.ಎ. ಎಳೆಗಳನ್ನು ಕ್ಷ-ಕಿರಣದ ಮುಂದೆ ಹಿಡಿದರು. 1938ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಲೇಖನ, ಡಿ.ಎನ್.ಎ.ಯ ಘಟಕಗಳು ನಾಣ್ಯಗಳ ಕಂಬದಂತೆ ಒಂದರ ಮೇಲೊಂದು ಪೇರಿಸಿಕೊಂಡಿವೆ ಎಂದು ತಿಳಿಸಿತು. ಒಂದು ನಾಣ್ಯಕ್ಕೂ ಇನ್ನೊಂದಕ್ಕೂ ಇರುವ ದೂರವನ್ನೂ ಅವರು ಹೆಚ್ಚುಕಡಿಮೆ ಸರಿಯಾಗಿಯೇ ಅಳೆದಿದ್ದರು: ಒಂದು ಮಿಲಿಮೀಟರನ್ನು ಮೂವತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು. ಯುದ್ಧ ಬಂತು, 1941ರಲ್ಲಿ ಬೆಲ್ ಅವರು ಸೈನ್ಯದ ಕರೆಗೆ ಓಗೊಟ್ಟು ವಾಯುಪಡೆಯ ಮಹಿಳಾ ದಳಕ್ಕೆ ಹೋಗಬೇಕಾಯಿತು. ಮತ್ತೆ ಆ ಕೆಲಸಕ್ಕೆ ಅವರು ಮರಳಲಿಲ್ಲ.

ನಾಟಿಂಗ್‌ಹ್ಯಾಮಿನ ರಸಾಯನಶಾಸ್ತ್ರಜ್ಞರಾದ ಗಲ್ಲಂಡ್, ಜೋರ್ಡನ್ ಮತ್ತು ಅವರ ವಿದ್ಯಾರ್ಥಿ ಕ್ರೀತ್ 1947ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಡಿ.ಎನ್.ಎ.ಯ ಘಟಕಗಳನ್ನು ಜೋಡಿಸಿ ಹಿಡಿದಿರುವುದು ಜಲಜನಕದ ಸಡಿಲವಾದ ಬಂಧಗಳು ಎಂದು ತೋರಿಸಿದರು. ಅದೇ ವರ್ಷ ಗಲ್ಲಂಡ್ ರೈಲು ಅಪಘಾತದಲ್ಲಿ ತೀರಿಕೊಂಡರು. ಬರ್ಮಿಂಗ್‌ಹ್ಯಾಮಿನಲ್ಲಿ ಶಾಲೆ ಕಲಿತು, ಅಲ್ಲಿನ ವಿಶ್ವವಿದ್ಯಾಲಯದಲ್ಲೇ 1940ರಲ್ಲಿ ಡಾಕ್ಟರೇಟ್ ಪಡೆದ ಮಾರಿಸ್ ವಿಲ್ಕಿನ್ಸ್, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಿ.ಎನ್.ಎ. ಕೆಲಸ ಕೈಗೊಂಡರು. ಅದೇ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ಗಾಸ್ಲಿಂಗ್ 1952ರಲ್ಲಿ ತೆಗೆದ ಕ್ಷ-ಕಿರಣ ಚಿತ್ರ ಇಂದು ಲೋಕಪ್ರಸಿದ್ಧ. 1953ರ ಏಪ್ರಿಲ್ 25ರಂದು ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನ ಪ್ರಕಟವಾಯಿತು. ಅನೇಕರು ಎಳೆದ ತೇರಿಗೆ ಕೊನೆಯಲ್ಲಿ ಕಳಶವಿಟ್ಟವರು ಅವರು. ನಮ್ಮ ಬೆಂಗಳೂರಿಗೂ ಇಲ್ಲಿ ಪಾಲುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎ. ವಿಶ್ವಮಿತ್ರ ಅವರು ಕೇಂಬ್ರಿಜ್‌ನ ಓಲ್ಗಾ ಕೆನ್ನಾರ್ಡ್ ಮೊದಲಾದವರೊಡನೆ 1978ರಲ್ಲಿ ಡಿ.ಎನ್.ಎ.ಯ ಒಂದು ಪುಟ್ಟ ತುಣುಕಿನ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದರು.

ಈಗ ಆ ರಚನೆಯನ್ನು ಒಮ್ಮೆ ನೋಡೋಣ. ಎರಡು ಎಳೆಗಳನ್ನು ಹೊಸೆದ ಹುರಿಹಗ್ಗ ಎಂದುಕೊಳ್ಳಿ. ಅದರಲ್ಲಿ ನಾಲ್ಕೇ ಅಕ್ಷರ: ಅಡಿನೀನ್, ಥೈಮೀನ್, ಗ್ವಾನೀನ್, ಸೈಟೋಸಿನ್. ಅಡಿನೀನ್ ಎದುರಿಗೆ ಯಾವಾಗಲೂ ಥೈಮೀನ್, ಗ್ವಾನೀನ್ ಎದುರಿಗೆ ಯಾವಾಗಲೂ ಸೈಟೋಸಿನ್. ಆದ್ದರಿಂದ ಒಂದು ಎಳೆ ಗೊತ್ತಿದ್ದರೆ ಇನ್ನೊಂದು ಎಳೆಯಲ್ಲಿ ಏನಿದೆಯೆಂದು ಕಣ್ಣು ಮುಚ್ಚಿ ಹೇಳಬಹುದು. ನಕಲಿನ ಗುಟ್ಟು ಇರುವುದೇ ಇಲ್ಲಿ. ಹುರಿ ಬಿಚ್ಚಿದರೆ ಎರಡು ಒಂಟಿ ಎಳೆ. ಪ್ರತಿಯೊಂದರ ಎದುರೂ ಹೊಸ ಅಕ್ಷರಗಳನ್ನು ಕೂರಿಸುತ್ತ ಹೋದರೆ ಎರಡು ಪೂರ್ತಿ ಹುರಿ. ಹಾಗಾಗಿ ಪ್ರತಿಯೊಂದು ಮರಿಕೋಶದ ಹುರಿಯಲ್ಲೂ ಒಂದು ಎಳೆ ಹಳೆಯದು, ಒಂದು ಎಳೆ ಹೊಸದು. ಇದನ್ನು 1958ರಲ್ಲಿ ಅಮೆರಿಕದ ಮೆಸೆಲ್‌ಸನ್ ಮತ್ತು ಸ್ಟಾಲ್ ಪ್ರಯೋಗದಿಂದ ಸಾಬೀತುಪಡಿಸಿದರು.

ಹೇಳುವುದು ಸುಲಭ, ಮಾಡುವುದು ಕಷ್ಟ. ಒಂದು ಕೋಶದ ಡಿ.ಎನ್.ಎ.ಯನ್ನೆಲ್ಲ ನೀಟಾಗಿ ಎಳೆದರೆ ಸುಮಾರು ಎರಡು ಮೀಟರ್ ಉದ್ದ. ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು ಸೇರಿ ಅಕ್ಷರಜೋಡಿಗಳು ಸುಮಾರು 640 ಕೋಟಿ. ನಕಲು ಮಾಡುವ ಕಿಣ್ವದ ಹೆಸರು ಡಿ.ಎನ್.ಎ. ಪಾಲಿಮರೇಸ್. ನಮ್ಮ ಕೋಶಗಳಲ್ಲಿ ಅದು ಸೆಕೆಂಡಿಗೆ ಸುಮಾರು 50 ಅಕ್ಷರ ಬರೆಯುತ್ತದೆ. ಒಂದೇ ತುದಿಯಿಂದ ಆರಂಭಿಸಿದರೆ ಮುಗಿಯಲು ನಾಲ್ಕು ವರ್ಷ ಬೇಕು! ಅದಕ್ಕೇ ಕೋಶವು ಒಂದು ಕಡೆಯಲ್ಲ, ಹತ್ತಾರು ಸಾವಿರ ಕಡೆಗಳಲ್ಲಿ ಹುರಿ ಬಿಚ್ಚಿ ಏಕಕಾಲಕ್ಕೆ ಕೆಲಸ ಹಚ್ಚುತ್ತದೆ. ಎಂಟು ಗಂಟೆಯಷ್ಟರಲ್ಲಿ ಕೆಲಸ ಪೂರೈಸುತ್ತದೆ. ಇನ್ನೊಂದು ತೊಡಕು: ಈ ಕಿಣ್ವ ಒಂದೇ ದಿಕ್ಕಿನಲ್ಲಿ ಬರೆಯಬಲ್ಲದು, ಆದರೆ ಎರಡು ಎಳೆಗಳು ವಿರುದ್ಧ ದಿಕ್ಕಿಗೆ ಮುಖ ಮಾಡಿವೆ. ಆದ್ದರಿಂದ ಒಂದು ಎಳೆಯ ಮೇಲೆ ನಕಲು ಸರಾಗವಾಗಿ ಸಾಗಿದರೆ, ಇನ್ನೊಂದರ ಮೇಲೆ ತುಂಡು ತುಂಡಾಗಿ ಬರೆದು ಆಮೇಲೆ ಹೊಲಿದು ಸೇರಿಸಬೇಕು. ಈ ತುಂಡುಗಳನ್ನು ಕಂಡುಹಿಡಿದವರು ಜಪಾನಿನ ರೇಜಿ ಮತ್ತು ತ್ಸುನೆಕೊ ಒಕಜಾಕಿ ದಂಪತಿಗಳು. ಹಿರೋಷಿಮಾದ ಅಣುಬಾಂಬಿಗೆ ತುತ್ತಾದ ಊರಿನಲ್ಲಿದ್ದ ರೇಜಿ 1975ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಪತ್ನಿ ಆ ಕೆಲಸವನ್ನು ಮುಂದುವರಿಸಿದರು.

ನಕಲು ಎಂದ ಮೇಲೆ ತಪ್ಪು ಇದ್ದದ್ದೇ. ನಮ್ಮ ಹಳಗನ್ನಡ ಕಾವ್ಯಗಳು ಓಲೆಗರಿಯಿಂದ ಓಲೆಗರಿಗೆ ನಕಲಾಗುತ್ತ ಬಂದವು. ಒಬ್ಬ ಲಿಪಿಕಾರ ಒಂದು ಕೊಂಬು ಬಿಟ್ಟರೆ ಅವನ ಪ್ರತಿಯಿಂದ ಬರೆದವರೆಲ್ಲ ಆ ಕೊಂಬನ್ನು ಬಿಟ್ಟರು. ಕೋಶದಲ್ಲೂ ಹಾಗೆಯೇ. ಪಾಲಿಮರೇಸ್ ಮೊದಲ ಬರವಣಿಗೆಯಲ್ಲಿ ಲಕ್ಷಕ್ಕೊಂದು ಅಕ್ಷರ ತಪ್ಪುತ್ತದೆ ಎನ್ನೋಣ. ಅಂದರೆ ಒಂದು ನಕಲಿಗೆ ಸುಮಾರು 64,000 ತಪ್ಪು. ಆದರೆ ಅದು ಬರೆಯುತ್ತಲೇ ಹಿಂತಿರುಗಿ ನೋಡುತ್ತದೆ, ಸರಿಹೊಂದದ ಅಕ್ಷರವನ್ನು ಅಳಿಸಿ ಮತ್ತೆ ಬರೆಯುತ್ತದೆ. ಆಗ ತಪ್ಪು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರ ಹಿಂದೆಯೇ ಇನ್ನೊಂದು ತಂಡದ ಕಿಣ್ವಗಳು ಕರಡು ತಿದ್ದುವವರ ಹಾಗೆ ಸಾಲು ಸಾಲಾಗಿ ಪರೀಕ್ಷಿಸುತ್ತ ಬರುತ್ತವೆ. ಕೊನೆಗೆ 640 ಕೋಟಿ ಅಕ್ಷರಗಳಲ್ಲಿ ಉಳಿಯುವ ತಪ್ಪುಗಳು ಬೆರಳೆಣಿಕೆಯಷ್ಟು. ಡಿ.ಎನ್.ಎ. ತಿದ್ದುವ ಈ ವ್ಯವಸ್ಥೆಗಳನ್ನು ಬಿಡಿಸಿ ತೋರಿಸಿದ ಲಿಂಡಾಲ್, ಮೊಡ್ರಿಚ್ ಮತ್ತು ಸಂಜಾರ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ನಮ್ಮ ಸ್ಮರಣಸಂಚಿಕೆಯ ಸಂಪಾದಕರು ಇಷ್ಟೇ ತಪ್ಪುಗಳಿಗೆ ಮಾತು ಕೊಟ್ಟರೆ ಅವರಿಗೂ ಒಂದು ಶಾಲು ಹೊದಿಸಬಹುದು.

ನಕಲು ಮುಗಿಯಿತು; ಈಗ ಹಂಚಿಕೆ. ಎರಡೂ ಪ್ರತಿಗಳು ಬಿಗಿಯಾಗಿ ಸುತ್ತಿಕೊಂಡು 46 ವರ್ಣತಂತುಗಳಾಗಿ ಕಾಣಿಸಿಕೊಳ್ಳುತ್ತವೆ. ಪ್ರತಿಯೊಂದರಲ್ಲೂ ಅಂಟಿಕೊಂಡ ಅವಳಿಜವಳಿ. ಅವೆಲ್ಲ ಕೋಶದ ನಟ್ಟನಡುವೆ ಸಾಲಾಗಿ ನಿಲ್ಲುತ್ತವೆ. ಎರಡು ತುದಿಗಳಿಂದ ಸಣ್ಣ ನೂಲುಗಳು ಬಂದು ಅವಳಿಗಳನ್ನು ಒಂದೊಂದು ಕಡೆಯಿಂದ ಹಿಡಿಯುತ್ತವೆ. ಇಲ್ಲಿ ಹಗ್ಗಜಗ್ಗಾಟದ ತೀರ್ಪುಗಾರನಂಥ ಒಂದು ಏರ್ಪಾಡಿದೆ. 46ರಲ್ಲಿ ಒಂದಕ್ಕೆ ನೂಲು ಸರಿಯಾಗಿ ತಗುಲಿರದಿದ್ದರೂ ಸೀಟಿ ಊದುವುದಿಲ್ಲ, ಎಲ್ಲರೂ ಕಾಯಬೇಕು. ಎಲ್ಲವೂ ಸರಿಯಾದಾಗ ಅಂಟು ಬಿಡುತ್ತದೆ, ಅವಳಿಗಳು ಆಚೆಗೊಂದು ಈಚೆಗೊಂದು ಸರಿಯುತ್ತವೆ, ನಡುವೆ ಕೋಶ ಕಿರಿದಾಗಿ ಎರಡಾಗುತ್ತದೆ. ಇದೆಲ್ಲ ಸುಮಾರು ಒಂದು ಗಂಟೆಯ ಕೆಲಸ. ಮೂವತ್ತು ವರ್ಷ ನೋಡಿದ ಮೇಲೂ, ಸ್ಲೈಡಿನಲ್ಲಿ ಆ ಸಾಲು ಕಂಡಾಗ ನಾವು ಒಂದು ಕ್ಷಣ ಕೈ ನಿಲ್ಲಿಸುತ್ತಿದ್ದೆವು.

ಯಾವಾಗ ಒಡೆಯಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಒಬ್ಬರು 1970ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಪಾಲ್ ನರ್ಸ್. ಅವರು ಹಿಡಿದದ್ದು ಒಂದು ಬಗೆಯ ಯೀಸ್ಟ್. ಪೂರ್ವ ಆಫ್ರಿಕಾದ ಸಿರಿಧಾನ್ಯದ ಬೀರಿನಲ್ಲಿ ಮೊದಲು ಸಿಕ್ಕಿದ್ದರಿಂದ ಸ್ವಾಹಿಲಿ ಭಾಷೆಯಲ್ಲಿ ಬೀರಿಗಿರುವ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ, ಪೊಂಬೆ ಎಂದು. ಎಡಿನ್‌ಬರೋದಲ್ಲಿ ಅವರಿಗೆ ಅವಸರ ಬಿದ್ದು ಸಣ್ಣದಿರುವಾಗಲೇ ಒಡೆಯುವ ಯೀಸ್ಟ್ ಕೋಶಗಳು ಸಿಕ್ಕವು. ಆ ಜಾಡು ಹಿಡಿದು ಹೋದಾಗ, ಒಡೆಯಲು ಅಪ್ಪಣೆ ಕೊಡುವ ವಂಶವಾಹಿ ತಿಳಿಯಿತು. ಮುಂದೆ 1987ರಲ್ಲಿ ಅವರೂ ಮೆಲನಿ ಲೀ ಅವರೂ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು: ಆ ವಂಶವಾಹಿ ಕೆಟ್ಟ ಯೀಸ್ಟಿಗೆ ಮನುಷ್ಯನ ವಂಶವಾಹಿಯನ್ನು ಕೊಟ್ಟರೆ ಅದು ಮತ್ತೆ ಸರಿಯಾಗಿ ಒಡೆಯುತ್ತದೆ. ಬೀರಿನ ಯೀಸ್ಟೂ ನಾವೂ ನೂರು ಕೋಟಿ ವರ್ಷಕ್ಕೂ ಹಿಂದೆ ಪಾಲಾದ ದಾಯಾದಿಗಳು. ಆದರೂ ಯಜಮಾನನ ಕೀಲಿಕೈ ಒಂದೇ! ನರ್ಸ್, ಟಿಮ್ ಹಂಟ್ ಮತ್ತು ಅಮೆರಿಕದ ಹಾರ್ಟ್‌ವೆಲ್ ಅವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಬಂಧುಗಳೇ, ಇಲ್ಲಿಯವರೆಗೆ ಹೇಳಿದ್ದು ಪೀಠಿಕೆ. ಈ ಅಪ್ಪಣೆ ತಪ್ಪಿದಾಗ, ಕರಡು ತಿದ್ದುವವರ ಕಣ್ಣು ತಪ್ಪಿಸಿ ಒಂದೆರಡು ಮುಖ್ಯ ಜಾಗಗಳಲ್ಲಿ ತಪ್ಪು ಉಳಿದಾಗ ಏನಾಗುತ್ತದೆ? ಒಂದು ಕೋಶ ಸುಮ್ಮನಿರಬೇಕಾದಲ್ಲಿ ಒಡೆಯುತ್ತದೆ. ಅದರ ಮಕ್ಕಳೂ ಒಡೆಯುತ್ತವೆ. ದಿನವೂ ಕೋಶಗಳು ಒಡೆಯುತ್ತಲೇ ಇರುವ ಜಾಗಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುವ ಕರುಳು ಅಂಥದೊಂದು ಜಾಗ. ದೊಡ್ಡ ಕರುಳಿನ ಗೋಡೆಯಲ್ಲಿ ಮೊದಲು ಒಂದು ಸಣ್ಣ ಗಂಟು ಏಳುತ್ತದೆ. ಪಾಲಿಪ್ ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ. ಬಹುತೇಕ ಗಂಟುಗಳು ಹಾಗೇ ಇದ್ದುಬಿಡುತ್ತವೆ. ಕೆಲವು ಮಾತ್ರ, ತಪ್ಪಿನ ಮೇಲೆ ತಪ್ಪು ಸೇರುತ್ತ, ಹತ್ತಾರು ವರ್ಷಗಳಲ್ಲಿ ಕ್ಯಾನ್ಸರಾಗಿ ತಿರುಗುತ್ತವೆ. ಕರಡು ತಿದ್ದುವ ವಂಶವಾಹಿಯೇ ಹುಟ್ಟಿನಿಂದ ಕೆಟ್ಟಿರುವ ಕೆಲವು ಕುಟುಂಬಗಳಲ್ಲಿ ಇದು ಚಿಕ್ಕ ವಯಸ್ಸಿಗೇ ಬರುವುದುಂಟು. ನಿಮ್ಮ ಮನೆತನದಲ್ಲಿ ಐವತ್ತರೊಳಗೆ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ದಯವಿಟ್ಟು ನಿಮ್ಮ ಜಿ.ಪಿ.ಗೆ ಹೇಳಿ.

ಹತ್ತಾರು ವರ್ಷ ಎಂದೆವಲ್ಲ, ಅದೇ ನಮಗೆ ಸಿಕ್ಕಿರುವ ವರ. ಗಂಟು ಬೆಳೆಯುವಾಗ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ. ಅದನ್ನು ಮಲದಲ್ಲಿ ಪತ್ತೆ ಮಾಡಿದರೆ ಪ್ರಾಣ ಉಳಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ನಾಟಿಂಗ್‌ಹ್ಯಾಮಿನಲ್ಲೇ. ಅಲ್ಲಿ ಒಂದೂವರೆ ಲಕ್ಷ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಒದಗಿಸಿದರು. ಆ ಗುಂಪಿನಲ್ಲಿ ಕರುಳಿನ ಕ್ಯಾನ್ಸರಿನ ಸಾವು ನೂರಕ್ಕೆ ಹದಿನೈದರಷ್ಟು ಇಳಿಯಿತೆಂದು 1996ರಲ್ಲಿ ಪ್ರಕಟವಾಯಿತು. ಅದರ ಬಲದ ಮೇಲೆ 2000ದಲ್ಲಿ ಕವೆಂಟ್ರಿ ಮತ್ತು ವಾರಿಕ್‌ಶೈರಿನಲ್ಲಿ ಪ್ರಾಯೋಗಿಕ ಯೋಜನೆ ಆರಂಭವಾಯಿತು. 2006ರಿಂದ ಅದು ಇಂಗ್ಲೆಂಡಿನ ಉದ್ದಗಲಕ್ಕೂ ಹರಡಿತು. ಆದರೆ ಆ ಕವೆಂಟ್ರಿ ಯೋಜನೆಯಲ್ಲೇ ಇನ್ನೊಂದು ಸಂಗತಿಯೂ ಕಂಡುಬಂತು. ನಮ್ಮ ಉಪಖಂಡದಿಂದ ಬಂದವರು ಈ ಪರೀಕ್ಷೆಯನ್ನು ಮಾಡಿ ಕಳಿಸುವುದು ಉಳಿದವರಿಗಿಂತ ಬಹಳ ಕಡಿಮೆ.

ಏಕೆ ಕಡಿಮೆ ಎಂಬುದಕ್ಕೆ ಯಾವ ಅಧ್ಯಯನವನ್ನೂ ಓದಬೇಕಿಲ್ಲ. ನಮ್ಮ ಮನೆಯನ್ನೇ ನೋಡಿದರೆ ಸಾಕು. ನಮ್ಮಿಬ್ಬರಲ್ಲಿ ಒಬ್ಬರಿಗೆ ಆ ಲಕೋಟೆ ಬಂತು. ಯಾರಿಗೆ ಎಂದು ಕೇಳಬೇಡಿ, ಅದಕ್ಕೇ ಈ ಭಾಷಣ 'ನಾವು' ಎಂದು ಬರೆದಿದ್ದೇವೆ. ಬಚ್ಚಲಮನೆಯ ಕಪಾಟಿನಲ್ಲಿ ಟೂತ್‌ಪೇಸ್ಟಿನ ಹಿಂದೆ ಅದನ್ನು ಇಟ್ಟೆವು. ಏಳು ತಿಂಗಳು ಅದು ಅಲ್ಲೇ ಇತ್ತು. ಮಡಿ ಮೈಲಿಗೆ, ನಾಚಿಕೆ, ನಾಳೆ ಮಾಡಿದರಾಯಿತು ಎಂಬ ಉದಾಸೀನ. ಎಲ್ಲಕ್ಕಿಂತ ಮಿಗಿಲಾಗಿ, ನಮಗೇನಾಗಿದೆ ಎಂಬ ಅಹಂಕಾರ. ಫೋನಿನಲ್ಲಿ ಮಾತಿಗೆ ಬಂದಾಗ ಹಾಸನದ ಅಕ್ಕ, "ಅಯ್ಯೋ ರಾಮ, ಅದನ್ನೂ ಟಪಾಲಿನಲ್ಲಿ ಕಳಿಸ್ತಾರೇನೇ ಆ ದೇಶದಲ್ಲಿ!" ಎಂದು ನಕ್ಕರು. ನಾವೂ ನಕ್ಕೆವು. ಮೂವತ್ತು ವರ್ಷ ಇತರರ ಕರುಳಿನ ಸ್ಲೈಡುಗಳನ್ನು ನೋಡಿ ವರದಿ ಬರೆದವರು ನಾವು!

ಕೊನೆಗೆ ನೆನಪೋಲೆ ಬಂದಾಗ ಮಾಡಿ ಕಳಿಸಿದೆವು. ರಕ್ತದ ಸುಳಿವಿದೆ ಎಂದು ಉತ್ತರ ಬಂತು. ಕೊಳವೆ ಇಳಿಸಿ ನೋಡಿದರು. ಎರಡು ಗಂಟು, ಒಂದು ಕಡಲೆಕಾಳಿನಷ್ಟು ದೊಡ್ಡದು. ಆಗಲೇ ಅಲ್ಲೇ ತೆಗೆದರು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಕೋಶಗಳು ದಾರಿ ಬಿಡತೊಡಗಿದ್ದವು. ಅಂಥ ವರದಿಗಳನ್ನು ಸಾವಿರಾರು ಸಲ ಕಂಡಿದ್ದ ನಮಗೆ ಆ ಒಂದು ಸಾಲು ಓದಿ ಮುಗಿಸಲು ಅರ್ಧ ಗಂಟೆ ಬೇಕಾಯಿತು.

ನಮ್ಮ ಸಂಘದಲ್ಲೇ ಇನ್ನೊಂದು ಮನೆಗೆ ಆ ಅದೃಷ್ಟವಿರಲಿಲ್ಲ. ಪ್ರತಿ ಯುಗಾದಿಗೂ ಕುರ್ಚಿ ಜೋಡಿಸಲು ಎಲ್ಲರಿಗಿಂತ ಮೊದಲು ಬರುತ್ತಿದ್ದ ಹಿರಿಯರು ಅವರು. ಅವರು ಹೋದ ಮೇಲೆ ಮೇಜಿನ ಖಾನೆಯಲ್ಲಿ ಒಡೆಯದ ಎರಡು ಲಕೋಟೆಗಳು ಸಿಕ್ಕವಂತೆ. ಅವರ ಮನೆಯವರೇ ನಮಗೆ, "ಇದನ್ನು ಸಭೆಯಲ್ಲಿ ಹೇಳಿ, ಹೆಸರು ಮಾತ್ರ ಬೇಡ" ಎಂದರು. ನಾವು ಈ ಭಾಷಣಕ್ಕೆ ಒಪ್ಪಿದ್ದು ಆ ಮಾತಿಗಾಗಿ.

ಈಗ ಪರೀಕ್ಷೆ ಇನ್ನೂ ಸುಲಭ. 2019ರಿಂದ ಹೊಸ ಬಗೆಯ ಕಿಟ್ ಬಂದಿದೆ. ಒಂದೇ ಸಲ, ಒಂದು ಸಣ್ಣ ಕಡ್ಡಿ, ಒಂದು ಪುಟ್ಟ ಕೊಳವೆ. ಇಂಗ್ಲೆಂಡಿನಲ್ಲಿ 50ರಿಂದ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮನೆಗೇ ಬರುತ್ತದೆ, ಅಂಚೆಗೂ ಖರ್ಚಿಲ್ಲ. 75 ದಾಟಿದವರು ಫೋನ್ ಮಾಡಿ ಕೇಳಿ ತರಿಸಿಕೊಳ್ಳಬಹುದು. ರಕ್ತದ ಸುಳಿವು ಸಿಕ್ಕಿತೆಂದರೆ ಕ್ಯಾನ್ಸರ್ ಎಂದಲ್ಲ. ಹೆಚ್ಚಿನವರಿಗೆ ಅದು ಇರುವುದಿಲ್ಲ. ಇನ್ನೊಂದು ಮಾತು: ಕಣ್ಣಿಗೆ ರಕ್ತ ಕಂಡರೆ, ವಾರಗಟ್ಟಲೆ ಹೊಟ್ಟೆಯ ರೀತಿ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ಲಕೋಟೆಗಾಗಿ ಕಾಯಬೇಡಿ, ನೇರವಾಗಿ ವೈದ್ಯರನ್ನು ಕಾಣಿ. ಮಕ್ಕಳೇ, ನಿಮಗೊಂದು ಕೆಲಸ. ಇಂದು ಮನೆಗೆ ಹೋಗಿ ಅಜ್ಜ ಅಜ್ಜಿಯರ ಬಚ್ಚಲಮನೆಯ ಕಪಾಟನ್ನು ತೆಗೆದು ನೋಡಿ. ಟೂತ್‌ಪೇಸ್ಟಿನ ಹಿಂದೆ ಒಂದು ಲಕೋಟೆ ಇದ್ದರೆ ಹೊರತಂದು ಊಟದ ಮೇಜಿನ ಮೇಲಿಡಿ. ಬೈದರೆ ನಮ್ಮ ಹೆಸರು ಹೇಳಿ.

ಪ್ರತಿ ಮರಿಕೋಶದಲ್ಲೂ ಒಂದು ಎಳೆ ಹಳೆಯದು, ಒಂದು ಎಳೆ ಹೊಸದು ಎಂದೆವು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ನೋಡಿದಾಗ ಆ ಮಾತು ನೆನಪಾಗದೆ ಇರದು. ಉಪಮೆಯನ್ನು ಹೆಚ್ಚು ಎಳೆಯುವುದಿಲ್ಲ, ಅಡುಗೆಯವರು ಬಾಗಿಲಲ್ಲಿ ಬಂದು ನಿಂತಿದ್ದಾರೆ. ಬರುವ ವರ್ಷದ ವಾರ್ಷಿಕೋತ್ಸವದಲ್ಲೂ ಈ ಕುರ್ಚಿಗಳಲ್ಲಿ ಇಷ್ಟೂ ಜನ ಕೂತಿರಬೇಕು, ಅದೇ ನಮ್ಮ ಆಸೆ.

 ಸಿರಿಗನ್ನಡಂ ಗೆಲ್ಗೆ.